ನಿಂತವರ ಲೆಕ್ಕ

"ನಿಮ್ಮಣ್ಣ ಇವತ್ತೂ ಬಂದಿಲ್ಲ," ಎಂದಳು ಫೋನಿನಲ್ಲಿ ಡಯಾಲಿಸಿಸ್ ವಿಭಾಗದ ನರ್ಸು. "ಸೋಮವಾರ ಬರ್ಲಿಲ್ಲ, ಬುಧವಾರ ಬರ್ಲಿಲ್ಲ. ಫೋನ್ ಮಾಡಿದ್ರೆ, ಮನೆ ಹತ್ರಾನೇ ಇನ್ನೊಂದು ಸೆಂಟರ್ ಸಿಕ್ಕಿದೆ, ಅಲ್ಲೇ ಮಾಡಿಸ್ಕೋತೀನಿ ಅಂದ್ರು. ಯಾವುದು ಅಂದ್ರೆ ಹೆಸರು ಹೇಳಲ್ಲ. ನಂಗ್ಯಾಕೋ ಅನುಮಾನ ಬಂತು."

ಸಿಗ್ನಲಕ್ಕ ಸಭಾಕೋಣೆಯಿಂದ ಹೊರಗೆ ಬಂದು ಬಾಗಿಲನ್ನು ಬೆನ್ನಿನಿಂದಲೇ ಒತ್ತಿ ಮುಚ್ಚಿ ನಿಂತಿದ್ದಳು. ಒಳಗೆ ಚಪ್ಪಾಳೆ ಕೇಳುತ್ತಿತ್ತು. ನಗರದ ನಲವತ್ತು ಚೌಕಗಳಿಂದ ಕೆಂಪು, ಹಳದಿ, ಹಸಿರು ದೀಪಗಳನ್ನು ಕಿತ್ತುಹಾಕಿ ಅಂದಿಗೆ ನೂರು ದಿನ. ಗೋಡೆಯ ಉದ್ದಕ್ಕೂ ಇದ್ದ ಪರದೆಯಲ್ಲಿ ನಲವತ್ತು ಹಸಿರು ಚುಕ್ಕೆಗಳು, ಪ್ರತಿ ಚುಕ್ಕೆಯ ಪಕ್ಕ ಎರಡೆರಡು ಸೊನ್ನೆ. ಮೊದಲನೆಯದು ಅಪಘಾತ, ಎರಡನೆಯದು ಕಾಯುವ ಹೊತ್ತು.

"ಕೊನೇ ಸಲ ಬಂದಿದ್ದು ಯಾವಾಗ?"

"ಹೋದ ಶುಕ್ರವಾರ. ಇವತ್ತಿಗೆ ಏಳು ದಿನ. ಮೈಯೆಲ್ಲಾ ನೀರು ತುಂಬ್ಕೊಂಡಿರತ್ತೆ ಅಕ್ಕಾ. ಇವತ್ತೂ ತಪ್ಪಿದ್ರೆ ಹೃದಯಕ್ಕೇ ತೊಂದ್ರೆ. ನಾನು ಒಂದು ಮಂಚ ಖಾಲಿ ಇಟ್ಟಿರ್ತೀನಿ, ಎಷ್ಟೊತ್ತಾದ್ರೂ ಸರಿ, ಕರ್ಕೊಂಡ್ಬನ್ನಿ."

ಒಳಗಿಟ್ಟಿದ್ದ ಚೀಲವನ್ನು ತೆಗೆದುಕೊಳ್ಳಲೂ ನಿಲ್ಲದೆ ಅವಳು ಮೆಟ್ಟಿಲಿಳಿದಳು.

ಅಣ್ಣನಿಗೆ ಅರವತ್ಮೂರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಅತ್ತಿಗೆ ಹೋದ ಮೇಲೆ ತಂಗಿಯ ಮನೆಯ ಮೇಲಿನ ಮಹಡಿಗೆ ಬಂದು ಸೇರಿಕೊಂಡಿದ್ದ. ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮ, ಬುಧ, ಶುಕ್ರ ಬೆಳಿಗ್ಗೆ ಒಂಬತ್ತಕ್ಕೆ ಸ್ವೆಟರು ಮತ್ತು ಹಿಂದಿನ ದಿನದ ಪತ್ರಿಕೆಯನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಟನೆಂದರೆ ಮೂರು ಗಂಟೆಗೆ ವಾಪಸು. ಈ ವಾರವೂ ಹಾಗೇ ಹೋಗಿದ್ದ, ಹಾಗೇ ಬಂದಿದ್ದ. ಸಂಜೆ ಕಾಫಿಗೆ ಕೆಳಗಿಳಿದು ಬಂದಾಗ "ಆಯ್ತಾ?" ಎಂದರೆ "ಆಯ್ತಾಯ್ತು," ಎಂದು ಮಹಡಿ ಹತ್ತಿದ್ದ. ಬುಧವಾರ ಮಾತ್ರ ಅರ್ಧ ಮೆಟ್ಟಿಲಲ್ಲಿ ನಿಂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡಿದ್ದ. ಅವಳು ಕೆಳಗೆ ಬಟ್ಟೆ ಮಡಚುತ್ತಾ ಅದನ್ನು ಕೇಳಿಸಿಕೊಂಡೂ ತಲೆಯೆತ್ತಿರಲಿಲ್ಲ.

ಅಣ್ಣ ತಂಗಿಯರದು ಹುಟ್ಟಾ ಜಗಳ. ಅವಳು ಇಪ್ಪತ್ತಾರು ವರ್ಷ ನಗರದ ದೀಪಗಳಿಗೆ ಸೆಕೆಂಡು ಹಂಚಿದವಳು. ಯಾವ ರಸ್ತೆಗೆ ಹಸಿರು ಎಷ್ಟು, ಕೆಂಪು ಎಷ್ಟು ಎಂದು ತೀರ್ಮಾನಿಸುತ್ತಿದ್ದವಳು. ಅದಕ್ಕೇ ಕಚೇರಿಯಲ್ಲಿ ಅವಳು ಸಿಗ್ನಲಕ್ಕ. "ನನ್ನ ಅರ್ಧ ಆಯಸ್ಸು ನಿನ್ನ ಕೆಂಪು ದೀಪದ ಕೆಳಗೇ ಹೋಯ್ತು ಪುಟ್ಟಿ, ಅದನ್ನ ವಾಪಸ್ ಕೊಡು," ಎಂದು ಅವನು ಕೆಣಕುತ್ತಿದ್ದ. ದೀಪಗಳು ಹೋದ ದಿನ ಮಾತ್ರ ಏನೂ ಅಂದಿರಲಿಲ್ಲ. ಅವಳೇ ಹೇಳಿಕೊಂಡಿದ್ದಳು, ಇನ್ನು ಯಾರೂ ಕಾಯಬೇಕಾಗಿಲ್ಲ ಅಣ್ಣಾ ಎಂದು. ಅದರಲ್ಲಿ ಹೆಮ್ಮೆಯೂ ಇತ್ತು. ಹೊಸ ವ್ಯವಸ್ಥೆಯ ಕಾಗದಗಳಿಗೆ ಸಹಿ ಹಾಕಿದವರಲ್ಲಿ ಅವಳೂ ಒಬ್ಬಳು.

ಆಸ್ಪತ್ರೆ ಚೌಕದಲ್ಲಿ ಅವಳು ಕಾರಿನಿಂದ ಇಳಿದಾಗ ಹನ್ನೊಂದೂಕಾಲು. ಅಣ್ಣ ತಾನು ಯಾವಾಗಲೂ ಇಳಿಯುತ್ತಿದ್ದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ. ಕೈಚೀಲ ತೊಡೆಯ ಮೇಲಿತ್ತು. ರಸ್ತೆಯಾಚೆ, ಹೆಚ್ಚೆಂದರೆ ನಲವತ್ತು ಹೆಜ್ಜೆಯ ದೂರದಲ್ಲಿ, ಆಸ್ಪತ್ರೆಯ ಗಾಜಿನ ಬಾಗಿಲು ತೆರೆದು ಮುಚ್ಚಿಕೊಳ್ಳುತ್ತಿತ್ತು.

"ಅಣ್ಣಾ."

ಅವನು ತಿರುಗಿ ನೋಡಿದ. ಮುಖ ಊದಿತ್ತು. ಕಣ್ಣ ಕೆಳಗಿನ ಚರ್ಮ ನೀರು ತುಂಬಿದ ಚೀಲದ ಹಾಗೆ ಜೋತಿತ್ತು. ಚಪ್ಪಲಿಯ ಪಟ್ಟಿಗಳನ್ನು ಬಿಚ್ಚಿಬಿಟ್ಟಿದ್ದ. ಪಾದ ಅದರೊಳಗೆ ಹಿಡಿಸುತ್ತಿರಲಿಲ್ಲ.

"ನಿಂಗ್ಯಾರು ಹೇಳಿದ್ರು?"

"ಯಾರೋ ಹೇಳಿದ್ರು. ಏಳು. ಅಲ್ಲಿ ಮಂಚ ಖಾಲಿ ಇದೆ."

"ಹೋಗ್ತೀನಿ. ಸ್ವಲ್ಪ ಗಾಡಿ ಕಡಿಮೆಯಾಗ್ಲಿ ಅಂತ ಕೂತಿದೀನಿ."

ಗಾಡಿ ಕಡಿಮೆಯಾಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ದೀಪವಿದ್ದ ಕಾಲದಲ್ಲಿ ಚೌಕದಲ್ಲಿ ಒಂದು ದಿಕ್ಕು ಹರಿದರೆ ಇನ್ನೊಂದು ನಿಲ್ಲುತ್ತಿತ್ತು. ಈಗ ನಿಲ್ಲುವುದೆಂಬುದೇ ಇಲ್ಲ. ಚಾಲಕರಿಲ್ಲದ ಗಾಡಿಗಳು ಅರ್ಧ ಕಿಲೋಮೀಟರ್ ದೂರದಲ್ಲಿರುವಾಗಲೇ ಚೌಕದಲ್ಲಿ ತಮ್ಮ ಸರದಿಯನ್ನು ಕೇಳುತ್ತವೆ. ಮೂಲೆಯ ಕಂಬದೊಳಗಿನ ಯಂತ್ರ ಒಂದೊಂದಕ್ಕೂ ಅದರದೇ ಕ್ಷಣವನ್ನು ಗೊತ್ತುಮಾಡಿ ಕೊಡುತ್ತದೆ. ಒಂದು ಕೊಂಚ ನಿಧಾನಿಸುತ್ತದೆ, ಇನ್ನೊಂದು ಕೊಂಚ ಬಿರುಸಾಗುತ್ತದೆ, ಉತ್ತರದಿಂದ ಬಂದದ್ದು ಪೂರ್ವದಿಂದ ಬಂದದ್ದರ ಬಾಲವನ್ನು ಸವರಿಕೊಂಡೇ ಹೋಗುತ್ತದೆ. ಮನುಷ್ಯ ಇಳಿದರೂ ಅಷ್ಟೆ. ಕಂಬದ ಕ್ಯಾಮೆರಾ ಅವನ ಮೊದಲ ಹೆಜ್ಜೆಯನ್ನು ನೋಡಿದ ಕೂಡಲೇ ಎಲ್ಲ ಗಾಡಿಗಳಿಗೂ ಸುದ್ದಿ ಹೋಗಿ, ಅವು ಅವನ ಹಿಂದೆ ಮುಂದೆ ಜಾಗ ಬಿಟ್ಟು ಹಾಯುತ್ತವೆ. ಯಾವುದೂ ನಿಲ್ಲುವುದಿಲ್ಲ. ಯಾವುದೂ ತಾಗುವುದೂ ಇಲ್ಲ.

ಅವಳು ಅಣ್ಣನ ತೋಳನ್ನು ಹಿಡಿದು ಎಬ್ಬಿಸಿದಳು. ಕಲ್ಲಿನ ಅಂಚಿನವರೆಗೆ ಬಂದ. ಅವಳು ಒಂದು ಕಾಲನ್ನು ಕೆಳಗಿಟ್ಟಳು. ಎದುರಿನ ಸಾಲು ಆಗಲೇ ಅವಳಿಗಾಗಿ ಬಾಗತೊಡಗಿತ್ತು. ಆದರೆ ಅವಳ ಕೈಯಲ್ಲಿದ್ದ ತೋಳು ಬರಲಿಲ್ಲ. ಎಳೆದಳು. ನೆಟ್ಟ ಕಂಬವನ್ನು ಎಳೆದಂತಾಯಿತು. ಆ ಕಂಬ ಒಳಗೊಳಗೇ ನಡುಗುತ್ತಿತ್ತು.

"ಬಾ ಅಣ್ಣಾ, ಏನೂ ಆಗಲ್ಲ. ನಾನಿದೀನಲ್ಲ."

"ಗೊತ್ತು ಕಣೇ, ಏನೂ ಆಗಲ್ಲ ಅಂತ ನಂಗೂ ಗೊತ್ತು," ಎಂದ. ಅಷ್ಟು ಹೇಳುವುದರಲ್ಲಿ ಏದುಸಿರು ಬಂತು. "ನಂಗೆ ಗೊತ್ತು. ಕಾಲಿಗೆ ಗೊತ್ತಿಲ್ಲ."

ಪಾದಚಾರಿ ಸೇತುವೆಗೆ ಐವತ್ತಾರು ಮೆಟ್ಟಿಲು. ಅದನ್ನು ನೋಡಿಯೂ ನೋಡದಂತೆ ಅವಳು ಮತ್ತೊಂದು ಕಾರನ್ನು ಕರೆದಳು. ಅದು ಇಬ್ಬರನ್ನೂ ಕೂರಿಸಿಕೊಂಡು ಮುಂದಿನ ವೃತ್ತದವರೆಗೆ ಹೋಗಿ, ತಿರುಗಿ, ರೈಲ್ವೆ ಕೆಳಸೇತುವೆಯನ್ನು ಹಾದು, ಹದಿಮೂರು ನಿಮಿಷದ ಮೇಲೆ ಗಾಜಿನ ಬಾಗಿಲ ಎದುರು ಇಳಿಸಿತು. ನಲವತ್ತು ಹೆಜ್ಜೆಯನ್ನು ದಾಟಲು ಮೂರೂವರೆ ಕಿಲೋಮೀಟರ್. ದಾರಿಯುದ್ದಕ್ಕೂ ಅಣ್ಣ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ. ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದ್ದ.

ನರ್ಸು ತೂಕ ನೋಡಿ ತುಟಿ ಕಚ್ಚಿಕೊಂಡಳು. ಆರು ಕಿಲೋ ಹೆಚ್ಚಿತ್ತು. ವೈದ್ಯರು ಬಂದರು, ಎದೆಗೆ ತಂತಿಗಳನ್ನು ಅಂಟಿಸಿದರು, ಒಂದು ಗಂಟೆ ಯಾರೂ ಸಿಗ್ನಲಕ್ಕನ ಕಡೆ ನೋಡಲಿಲ್ಲ. ಅವಳು ಗೋಡೆಗೊರಗಿ ಯಂತ್ರದ ಚಕ್ರ ಅಣ್ಣನ ರಕ್ತವನ್ನು ಹೊರಗೆಳೆದು ಒಳಗೆ ತಳ್ಳುವುದನ್ನು ನೋಡುತ್ತಾ ನಿಂತಳು. ಕೊನೆಗೆ ನರ್ಸು ಬಂದು, "ಇನ್ನು ಪರವಾಗಿಲ್ಲ," ಎಂದು ಒಂದು ಸ್ಟೂಲನ್ನು ಎಳೆದುಕೊಟ್ಟಳು.

ಮೂರನೆಯ ಗಂಟೆಗೆ ಅಣ್ಣನ ಉಸಿರು ತಹಬದಿಗೆ ಬಂತು. ಸೂರನ್ನು ನೋಡುತ್ತಾ ತಾನಾಗಿಯೇ ಮಾತು ಶುರುಮಾಡಿದ.

"ಮೊದಲೆರಡು ತಿಂಗಳು ಕಿತ್ತಳೆ ಬಣ್ಣದ ಅಂಗಿ ಹಾಕ್ಕೊಂಡು ನಾಲ್ಕು ಜನ ನಿಂತಿರ್ತಿದ್ರಲ್ಲ, ದಾಟ್ಸೋಕೆ. ಅವರಿರೋವರೆಗೂ ಏನೂ ತೊಂದ್ರೆ ಇರ್ಲಿಲ್ಲ. ಆಮೇಲೆ ಅವರನ್ನ ತೆಗೆದ್ರಿ. ಹೊಳೆ ದಾಟೋ ಮುಂಚೇನೇ ಅಂಬಿಗನ್ನ ಮನೆಗೆ ಕಳಿಸಿದ್ರಿ."

"ಹೂಂ."

"ಆಮೇಲೂ ಹೆಂಗೋ ದಾಟ್ತಿದ್ದೆ. ಯಾರಾದ್ರೂ ಧೈರ್ಯವಂತರು ಇಳಿದ್ರೆ ಅವರ ಬೆನ್ನ ಹಿಂದೆ ಕಣ್ಣು ಮುಚ್ಕೊಂಡು ಹೋಗ್ತಿದ್ದೆ. ಹೋದ ಶುಕ್ರವಾರ ಹಂಗೇ ಹೋಗ್ತಾ ಇದ್ದೆ. ನನ್ನ ಹಿಂದುಗಡೆಯಿಂದ ಒಂದು ಗಾಡಿ ಹೋಯ್ತು. ತಾಗಲಿಲ್ಲ. ಒಂದು ಮೊಳ, ಒಂದೂವರೆ ಮೊಳ ದೂರ. ಅದರ ಗಾಳಿಗೆ ನನ್ನ ಅಂಗಿ ಮೇಲೆ ಹಾರ್ತು ನೋಡು, ಬೆನ್ನು ತಣ್ಣಗಾಯ್ತು. ಅಷ್ಟೇ ಆಗಿದ್ದು. ಅವತ್ತಿನಿಂದ ಆಗ್ತಿಲ್ಲ."

"ನಂಗೆ ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ? ಮೂವತ್ತೊಂದು ವರ್ಷ ಬಸ್ ಓಡಿಸಿದೋನಿಗೆ ರಸ್ತೆ ದಾಟೋಕೆ ಭಯ ಅಂತಾನಾ? ನಗೋರ ಮುಂದೆ ಎಡವಿ ಬಿದ್ದಂಗೆ." ಅವನು ನಗಲು ನೋಡಿದ. "ಬಸ್ಸಲ್ಲಿ ಕೂತಿದ್ದಾಗ ಯಾರಾದ್ರೂ ಅಂಚಲ್ಲಿ ನಿಂತಿದ್ರೆ ನಾನು ಅವರ ಮುಖ ನೋಡ್ತಿದ್ದೆ, ಅವರು ನನ್ನ ಮುಖ ನೋಡ್ತಿದ್ರು. ಅಷ್ಟರಲ್ಲೇ ಗೊತ್ತಾಗಿಬಿಡೋದು, ಇಳೀಬಹುದೋ ಇಲ್ವೋ ಅಂತ. ಈಗ ಯಾರ ಮುಖ ನೋಡ್ಲಿ?"

ಒಂದೂವರೆ ಮೊಳ. ಸಿಗ್ನಲಕ್ಕನ ತಲೆಯಲ್ಲಿ ಅದು ತಾನಾಗಿಯೇ ಇನ್ನೊಂದು ಅಳತೆಗೆ ಬದಲಾಯಿತು. ಎಪ್ಪತ್ತು ಸೆಂಟಿಮೀಟರ್ ಇರಬೇಕು. ಚಲಿಸುವ ವಾಹನಕ್ಕೂ ದಾಟುವ ಮನುಷ್ಯನಿಗೂ ಇರಬೇಕಾದ ಕನಿಷ್ಠ ಅಂತರ, ಎಪ್ಪತ್ತು. ಯಂತ್ರ ಲೆಕ್ಕ ತಪ್ಪಿರಲಿಲ್ಲ. ಆ ಅಂಕಿಯಿದ್ದ ಕೋಷ್ಟಕವನ್ನು ಮೂರು ಸಲ ಪರಿಶೀಲಿಸಿ, ಕೆಳಗೆ ಸಹಿ ಹಾಕಿದ್ದವಳು ಅವಳೇ.

"ಸೋಮವಾರದಿಂದ ನಾನೇ ಕಾರಲ್ಲಿ ಬಿಡ್ತೀನಿ," ಎಂದಳು.

"ಬಿಡು, ಬಿಡ್ತೀಯ. ನೀನು ತಂಗಿ." ಅಣ್ಣ ತಲೆಯನ್ನು ಅವಳ ಕಡೆ ಹೊರಳಿಸಿದ. "ಆ ಬೆಂಚಲ್ಲಿ ನಾನೊಬ್ಬನೇ ಕೂತಿರ್ತೀನಿ ಅಂದ್ಕೊಂಡಿದೀಯಾ?"

ಸೋಮವಾರ ಸಿಗ್ನಲಕ್ಕ ರಜೆ ಹಾಕಿದಳು. ಅಣ್ಣನನ್ನು ಒಳಗೆ ಬಿಟ್ಟು, ರಸ್ತೆ ದಾಟಿ ಈಚೆಗೆ ಬಂದು, ಅವನು ಕೂರುತ್ತಿದ್ದ ಬೆಂಚಿನಲ್ಲಿ ಒಂದು ಪುಸ್ತಕ ಪೆನ್ಸಿಲು ಹಿಡಿದು ಕೂತಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಮೂಲೆ ಮೂಲೆಯಲ್ಲಿ ಕೂತು ಗಾಡಿಗಳನ್ನು ಎಣಿಸಿದ್ದಳು. ಮನುಷ್ಯರನ್ನು ಎಣಿಸುವುದು ಇದೇ ಮೊದಲು.

ಎಲ್ಲರೂ ನಿಲ್ಲುತ್ತಿರಲಿಲ್ಲ. ಕಾಲೇಜಿನವರು, ಕಚೇರಿಯವರು ಕಿವಿಗೆ ಫೋನ್ ಹಚ್ಚಿಕೊಂಡೇ ರಸ್ತೆಗಿಳಿದು, ಗಾಡಿಗಳ ನಡುವೆ ನೀರು ಕುಡಿದಷ್ಟು ಸಲೀಸಾಗಿ ನಡೆದುಬಿಡುತ್ತಿದ್ದರು. ಅವರಿಗೆ ಇದು ಒಗ್ಗಿಹೋಗಿತ್ತು. ಉಳಿದವರು ಅಂಚಿಗೆ ಬಂದು ನಿಲ್ಲುತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಬಡಗಿಯೊಬ್ಬ ಏಳು ನಿಮಿಷ ನಿಂತ, ಹೊರಟುಹೋದ. ತುಂಬು ಬಸುರಿಯೊಬ್ಬಳು ಸೇತುವೆಯ ಮೆಟ್ಟಿಲನ್ನು ನೋಡಿದಳು, ರಸ್ತೆಯನ್ನು ನೋಡಿದಳು, ಮತ್ತೆ ಮೆಟ್ಟಿಲನ್ನು ನೋಡಿದಳು. ಕಂಕುಳಲ್ಲೊಂದು ಕೂಸು, ಬೆರಳಿಗೊಂದು ಮಗು ಇದ್ದ ತಾಯಿ ಮೂರು ಸಲ ಕಾಲು ಮುಂದಿಟ್ಟು ಮೂರು ಸಲವೂ ಹಿಂದೆಗೆದಳು. ದಪ್ಪ ಕನ್ನಡಕದ ಮುದುಕರೊಬ್ಬರು ಗಾಜನ್ನು ಒರೆಸಿ ಹಾಕಿಕೊಂಡರು. ತಪ್ಪು ಕನ್ನಡಕದ್ದಲ್ಲ ಎಂದು ಖಾತ್ರಿಯಾದ ಮೇಲೆ ಬಂದ ಬಸ್ಸಿನಲ್ಲೇ ಹಿಂದಿರುಗಿದರು. ಯಾರೂ ಗೊಣಗಲಿಲ್ಲ, ದೂರು ಕೊಡಲಿಲ್ಲ. ತಮ್ಮದೇ ಏನೋ ಕೊರತೆಯಿದೆ ಎಂಬಂತೆ, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ ಹೋಗುತ್ತಿದ್ದರು.

ನಾಲ್ಕು ಬೆಳಿಗ್ಗೆಗಳಲ್ಲಿ ಅಂಚಿಗೆ ಬಂದವರು ಮುನ್ನೂರ ಎಂಬತ್ತೆಂಟು. ದಾಟದೆ ಹಿಂದಿರುಗಿದವರು ನೂರ ಇಪ್ಪತ್ತೊಂಬತ್ತು.

ಅದೇ ನಾಲ್ಕು ಬೆಳಿಗ್ಗೆಗಳಲ್ಲಿ ಅದೇ ಅಂಚಿನಲ್ಲಿ ಯಂತ್ರ ಏನು ನೋಡಿತೆಂದು ಶುಕ್ರವಾರ ಕಚೇರಿಯಲ್ಲಿ ಅವಳು ತೆಗೆಸಿ ನೋಡಿದಳು. ದಾಟಿದವರು ಇನ್ನೂರ ಐವತ್ತೊಂಬತ್ತು, ಕಾದವರು ಸೊನ್ನೆ. ಹೆಜ್ಜೆಯಿಟ್ಟವರನ್ನಷ್ಟೇ ಯಂತ್ರ 'ದಾಟುವವರು' ಎಂದು ಗುರುತಿಸುತ್ತಿತ್ತು. ಹೆಜ್ಜೆಯಿಡದ ನೂರ ಇಪ್ಪತ್ತೊಂಬತ್ತು ಜನ 'ಇತರೆ' ಎಂಬ ಪಟ್ಟಿಯಲ್ಲಿದ್ದರು, ಮರ, ಕಸದ ಡಬ್ಬಿ, ಜಾಹೀರಾತಿನ ಹಲಗೆಗಳ ಜೊತೆಗೆ.

ಇಲಾಖೆಯ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಸೊನ್ನೆ ಸಾಹೇಬರೆಂದೇ ಕರೆಯುತ್ತಿದ್ದರು. ಸೊನ್ನೆ ಅಪಘಾತ, ಸೊನ್ನೆ ಕಾಯುವಿಕೆ ಎಂದು ಮೂರು ವರ್ಷ ಬಾಗಿಲಿಂದ ಬಾಗಿಲಿಗೆ ಅಲೆದು ಈ ವ್ಯವಸ್ಥೆಯನ್ನು ತಂದವರು ಅವರು. ಕೆಟ್ಟ ಮನುಷ್ಯರಲ್ಲ. ಸಿಗ್ನಲಕ್ಕನ ಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಓದಿದರು.

"ನಿಮ್ಮಣ್ಣ ಹೇಗಿದಾರೆ ಈಗ?"

"ಚೆನ್ನಾಗಿದಾನೆ ಸರ್."

"ಸಂತೋಷ." ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟರು. "ನೋಡಿ, ಹೋದ ವರ್ಷ ಇದೊಂದೇ ಚೌಕದಲ್ಲಿ ಏಳು ಜನ ಸತ್ರು. ಈ ನೂರು ದಿನದಲ್ಲಿ ಒಬ್ಬರೂ ಇಲ್ಲ. ಲೆಕ್ಕ ಹಾಕಿದ್ರೆ, ಸಾಯಬೇಕಿದ್ದ ಇಬ್ಬರು ಈಗ ಎಲ್ಲೋ ಆರಾಮಾಗಿ ಓಡಾಡ್ಕೊಂಡಿದಾರೆ. ಅವರು ಯಾರು ಅಂತ ಅವರಿಗೇ ಗೊತ್ತಿಲ್ಲ. ನಿಮಗೆ ದೀಪ ವಾಪಸ್ ಬೇಕಾ?"

ಅವಳಿಗೆ ಆ ಏಳೂ ಜನ ಗೊತ್ತಿದ್ದರು. ಪ್ರತಿ ಸಾವಿನ ಮರುದಿನ ಸ್ಥಳಕ್ಕೆ ಹೋಗಿ ದೀಪ ಕೆಲಸ ಮಾಡುತ್ತಿತ್ತೇ ಎಂದು ನೋಡುವುದು ಅವಳ ಪಾಲಿನ ಕೆಲಸವಾಗಿತ್ತು. ಒಂದು ಸಲ ರಸ್ತೆಯಲ್ಲಿ ಒಂಟಿ ಚಪ್ಪಲಿ ಇನ್ನೂ ಬಿದ್ದಿತ್ತು. ಏಳು ಸಲವೂ ವರದಿಯಲ್ಲಿ 'ದೀಪ ಸರಿಯಾಗಿತ್ತು' ಎಂದು ಬರೆದಿದ್ದಳು. ಸರಿಯಾಗಿಯೂ ಇತ್ತು.

"ದೀಪ ಬೇಡ ಸರ್," ಎಂದಳು. "ನಿಂತವರನ್ನೂ ಲೆಕ್ಕಕ್ಕೆ ತಗೊಳ್ಳಿ. ಅಂಚಲ್ಲಿ ಒಬ್ಬರು ಬಂದು ನಿಂತ್ರೆ ಗಾಡಿಗಳು ನಿಲ್ಲಬೇಕು. ಬಾಗಿ ಹೋಗೋದಲ್ಲ, ನಿಧಾನ ಮಾಡೋದಲ್ಲ. ಚಕ್ರ ನಿಲ್ಲಬೇಕು."

"ನಿಂತವರೆಲ್ಲ ದಾಟೋರಲ್ಲ. ಯಾರೋ ಸ್ನೇಹಿತರಿಗೆ ಕಾಯ್ತಿರ್ತಾರೆ. ಯಾರೋ ಸುಮ್ನೆ ನಿಂತಿರ್ತಾರೆ. ಒಬ್ಬರು ಸುಮ್ನೆ ನಿಂತ್ರು ಅಂತ ಊರೆಲ್ಲ ನಿಲ್ಲಬೇಕಾ?"

"ಕೆಲವು ಸಲ ನಿಲ್ಲಬೇಕಾಗತ್ತೆ."

"ಇದೊಂದು ಚೌಕ ನಿಂತ್ರೆ ಅದರ ಹಿಂದಿನ ಆರು ಚೌಕ ಎಡವತ್ತೆ. ನಿಮಗೆ ನಾನು ಹೇಳಿಕೊಡಬೇಕಾ?"

"ಬೇಡ ಸರ್. ಎಷ್ಟು ಎಡವತ್ತೆ ಅಂತ ಲೆಕ್ಕ ಹಾಕಿಟ್ಟಿದೀನಿ. ಗಾಡಿಯೊಂದಕ್ಕೆ ಹದಿನಾಲ್ಕು ಸೆಕೆಂಡ್."

ಸಾಹೇಬರು ಗೋಡೆಯ ಪರದೆಯ ಕಡೆ ನೋಡಿದರು. ನಲವತ್ತು ಚುಕ್ಕೆ, ಎಂಬತ್ತು ಸೊನ್ನೆ. ಅದರಲ್ಲೊಂದು ಸೊನ್ನೆಯ ಜಾಗದಲ್ಲಿ ಹದಿನಾಲ್ಕು ಕೂತರೆ ಹೇಗೆ ಕಾಣುತ್ತದೆಂದು ಊಹಿಸಿಕೊಳ್ಳುತ್ತಿರಬೇಕು. "ಭಯ ಅನ್ನೋದು ಅಭ್ಯಾಸದ್ದು ಅಷ್ಟೆ," ಎಂದರು. "ಇನ್ನಾರು ತಿಂಗಳು ಹೋದ್ರೆ ಎಲ್ಲಾ ಕಲಿತುಕೊಳ್ತಾರೆ."

"ವಾರಕ್ಕೆ ಮೂರು ಸಲ ರಕ್ತ ತೊಳೆಸ್ಕೊಳ್ಳೋರು ಆರು ತಿಂಗಳು ಕಾಯಲ್ಲ ಸರ್," ಎಂದಳು ಸಿಗ್ನಲಕ್ಕ. ಹೇಳಿದ ಮೇಲೆ ಧ್ವನಿ ಇಷ್ಟು ಜೋರಾಯಿತೇ ಅನ್ನಿಸಿತು. ಆಮೇಲೆ ಮೆಲ್ಲಗೆ, "ಒಂದ್ಸಲ ನೀವೇ ಬಂದು ನೋಡಿ. ನನ್ನ ಮಾತು ಬೇಡ," ಎಂದಳು.

ಬುಧವಾರ ಸಾಹೇಬರು ಬಂದರು. ಅಣ್ಣ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಪರೀಕ್ಷೆಗೆ ಬಂದವನ ಹಾಗೆ ಕೂತಿದ್ದ. ಸಾಹೇಬರು ಕೈ ಕುಲುಕಿದರು. "ನೀವು ಬಸ್ ಓಡಿಸ್ತಿದ್ರಂತೆ. ಯಾವ ದಾರಿ?"

"ಎಲ್ಲಾ ದಾರಿ ಸಾರ್. ಮದುವೆ ಆಗಿದ್ದೂ ಬಸ್ಸಲ್ಲೇ ನೋಡಿದ ಹುಡುಗೀನ."

ಸಾಹೇಬರು ನಕ್ಕರು. "ಹಂಗಾದ್ರೆ ನೋಡಿ, ನಾನು ದಾಟ್ತೀನಿ. ನೀವು ನನ್ನೇ ನೋಡ್ತಾ ಇರಿ," ಎಂದು ಹೇಳಿ ರಸ್ತೆಗಿಳಿದರು. ಚೆನ್ನಾಗಿ ದಾಟಿದರು. ಅತ್ತಿತ್ತ ತಿರುಗದೆ, ನಡಿಗೆಯನ್ನು ಬದಲಿಸದೆ, ತಾವೇ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಓಡಾಡುವವರ ಹಾಗೆ. ಗಾಡಿಗಳು ಅವರ ಹಿಂದೆ ಮುಂದೆ ಹಾಯ್ದುಹೋದವು. ಆಚೆ ಮುಟ್ಟಿ ತಿರುಗಿ ನಿಂತು, ಬನ್ನಿ ಎಂದು ಕೈ ಬೀಸಿದರು.

ಅಣ್ಣ ಅಂಚಿಗೆ ಬಂದು ನಿಂತ. ಚೀಲವನ್ನು ಎದೆಗವಚಿಕೊಂಡ. ಹಣೆಯಲ್ಲಿ ಬೆವರೊಡೆಯಿತು. ಅವನ ಪಕ್ಕದಲ್ಲಿ ಆಗಲೇ ಇನ್ನಿಬ್ಬರು ಬಂದು ನಿಂತಿದ್ದರು, ಒಬ್ಬ ಹೆಂಗಸು, ಊರುಗೋಲಿನ ಒಬ್ಬ ಗಂಡಸು. ಮೂವರೂ ರಸ್ತೆಯನ್ನೇ ನೋಡುತ್ತಿದ್ದರು. ಒಂದು ನಿಮಿಷ, ಎರಡು ನಿಮಿಷ. ಆಚೆ ಬದಿಯಿಂದ ಸಾಹೇಬರು ಆ ಮೂವರನ್ನು ನೋಡುತ್ತಿದ್ದರು. ಬೀಸುತ್ತಿದ್ದ ಕೈ ಕೆಳಗಿಳಿಯಿತು. ನಾಲ್ಕನೆಯ ನಿಮಿಷಕ್ಕೆ ಊರುಗೋಲಿನವನು ತಿರುಗಿ ಹೊರಟುಹೋದ.

ಸಾಹೇಬರು ವಾಪಸು ಬಂದರು. "ನನ್ನ ಕೈ ಹಿಡ್ಕೊಳ್ಳಿ, ಹೋಗೋಣ," ಎಂದು ಕೈ ಚಾಚಿದರು.

ಅಣ್ಣ ಆ ಕೈಯನ್ನು ನೋಡಿದ. ಮರ್ಯಾದೆಯಿಂದಲೇ ಕೇಳಿದ, "ಶುಕ್ರವಾರಾನೂ ಬರ್ತೀರಾ ಸಾರ್?"

ಸಾಹೇಬರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಇವರಿಗೆ ಯಾರು ಬರ್ತಾರೆ?" ಪಕ್ಕದಲ್ಲಿದ್ದ ಹೆಂಗಸನ್ನು ತೋರಿಸಿದ. ಅವಳು ನಾಚಿಕೊಂಡು, "ಅಯ್ಯೋ, ನನ್ನದೇನೂ ಅರ್ಜೆಂಟಿಲ್ಲ, ಬಿಡಿ," ಎಂದಳು. "ನಮ್ಮತ್ತೆ ಅಲ್ಲಿ ದಾಖಲಾಗಿದಾರೆ. ನಿನ್ನೇನೂ ಬಂದಿದ್ದೆ, ಇಲ್ಲಿವರೆಗೂ ಬಂದು ಹೋದೆ. ಇವತ್ತು ಬೇಜಾರು ಮಾಡ್ಕೊಂಡಿರ್ತಾರೆ ಅಷ್ಟೆ."

ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆಯನ್ನು ಒರೆಸಿಕೊಂಡರು. ಸ್ವಲ್ಪ ಹೊತ್ತು ಕಂಬದ ಮೇಲಿನ ಕ್ಯಾಮೆರಾವನ್ನು ನೋಡಿದರು, ಅದು ತಮ್ಮನ್ನು ಈಗ ಯಾವ ಪಟ್ಟಿಗೆ ಸೇರಿಸಿದೆಯೋ ಎಂಬಂತೆ. ಅಂದು ಹೆಂಗಸನ್ನು ಒಂದು ಕೈಯಲ್ಲಿ, ಅಣ್ಣನನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವರೇ ದಾಟಿಸಿದರು. ಅಣ್ಣ ಕಣ್ಣು ಮುಚ್ಚಿಕೊಂಡೇ ನಡೆದ. ಆಚೆ ತಲುಪಿದ ಮೇಲೆ ಸಾಹೇಬರ ಬಿಳಿ ಅಂಗಿಯ ತೋಳಿನ ಮೇಲೆ ಐದು ಬೆರಳಿನ ಒದ್ದೆ ಗುರುತಿತ್ತು.

ಕಾರಿನಲ್ಲಿ ಕೂರುವಾಗ ಅವರು ಸಿಗ್ನಲಕ್ಕನಿಗೆ ಹೇಳಿದ್ದು ಇಷ್ಟೇ: "ಇದೊಂದೇ ಚೌಕ. ಒಂದು ತಿಂಗಳು. ಹದಿನಾಲ್ಕು ಹದಿನೈದಾದ್ರೆ ನಿಲ್ಲಿಸ್ತೀನಿ. ಕಾಗದ ನಿಮ್ಮ ಹೆಸರಲ್ಲಿರಲಿ."

ಕಾಗದ ಅವಳ ಹೆಸರಿನಲ್ಲೇ ಹೋಯಿತು. ನಾಲ್ಕೂ ಮೂಲೆಯಲ್ಲಿ ಮೂರಡಿಯ ಹಳದಿ ಚೌಕಗಳನ್ನು ಬಳಿದರು. ಯಾರಾದರೂ ಅದರ ಮೇಲೆ ಆರು ಸೆಕೆಂಡು ನಿಂತರೆ ಸಾಕು, ಅವರು ಆಚೆ ಸೇರುವವರೆಗೆ ನಾಲ್ಕೂ ದಿಕ್ಕಿನ ಗಾಡಿಗಳು ನಿಲ್ಲುವಂತೆ ಯಂತ್ರಕ್ಕೆ ಹೇಳಿಕೊಡಲು ಹನ್ನೊಂದು ದಿನ ಹಿಡಿಯಿತು. ಕಚೇರಿಯಲ್ಲಿ ನಗು ಇದ್ದೇ ಇತ್ತು. "ಏನ್ ಸಿಗ್ನಲಕ್ಕಾ, ಕಂಬ ಕಿತ್ತು ಹಾಕಿದ್ರೆ ನೆಲದ ಮೇಲೆ ದೀಪ ಬರೆಸಿದ್ರಂತೆ," ಎಂದರು ಒಬ್ಬರು. ಗೋಡೆಯ ಪರದೆಯಲ್ಲಿ ಮೂವತ್ತೊಂಬತ್ತು ಹಸಿರು ಚುಕ್ಕೆಗಳ ನಡುವೆ ಒಂದರ ಬಣ್ಣ ಬದಲಾಗಿತ್ತು. ಅದರ ಪಕ್ಕದ ಅಂಕಿ ಬೆಳಿಗ್ಗೆ ಹದಿಮೂರಿದ್ದರೆ ಮಧ್ಯಾಹ್ನ ಹದಿನಾಲ್ಕು. ಅವಳು ಗಂಟೆಗೊಮ್ಮೆ ತಲೆಯೆತ್ತಿ ನೋಡುತ್ತಿದ್ದಳು, ಹಾಲು ಉಕ್ಕೀತೆಂದು ಒಲೆಯ ಕಡೆ ನೋಡುವವರಂತೆ.

ಮೊದಲ ಸೋಮವಾರ ಅವಳು ಅಣ್ಣನ ಜೊತೆ ಬಸ್ಸಿನಲ್ಲೇ ಬಂದಳು. ಹಳದಿಯ ಮೇಲೆ ಇಬ್ಬರೂ ನಿಂತರು. ಅಣ್ಣ ಬಾಯಲ್ಲೇ ಎಣಿಸತೊಡಗಿದ. ಐದರವರೆಗೆ ಏನೂ ಆಗಲಿಲ್ಲ. ಅವಳ ಕೈಯನ್ನು ಹಿಡಿದಿದ್ದ ಅವನ ಬೆರಳುಗಳು ಬಿಗಿದವು. ಆಮೇಲೆ ಹತ್ತಿರದ ಗಾಡಿ ನಿಂತಿತು. ಅದರ ಹಿಂದಿನದು ನಿಂತಿತು. ಎಡಕ್ಕೆ, ಬಲಕ್ಕೆ, ಆಚೆ ತುದಿಗೆ, ಒಂದೊಂದಾಗಿ ಚಕ್ರಗಳು ನಿಂತುಹೋದವು. ಇಷ್ಟು ದಿನ ಎಡೆಬಿಡದೆ ಮೊರೆಯುತ್ತಿದ್ದ ಆ ಚೌಕದಲ್ಲಿ ಸದ್ದಿಲ್ಲದಾಯಿತು. ಎಲ್ಲೋ ಯಾರೋ ಶೀನಿದ್ದು ಕೇಳಿಸಿತು.

ಅಣ್ಣ ಇನ್ನೂ ನಿಂತೇ ಇದ್ದ. ಅವಳು ಎಳೆಯಲಿಲ್ಲ. ಅವನೇ ಕೈ ಬಿಡಿಸಿಕೊಂಡ. ಒಂದು ಕಾಲನ್ನು ಕೆಳಗಿಟ್ಟ, ನೀರಿನ ಆಳ ನೋಡುವವನಂತೆ ಕೊಂಚ ತಡೆದ, ಇನ್ನೊಂದನ್ನೂ ಇಟ್ಟ. ಕಣ್ಣು ತೆರೆದೇ ನಡೆದ. ನಡುವಿಗೆ ಬಂದ ಮೇಲೆ ಅತ್ತಿತ್ತ ನೋಡಿ, "ಇಷ್ಟೊತ್ತು ನಿಲ್ಲಿಸ್ತಾರೇನೇ?" ಎಂದು ಪಿಸುಗುಟ್ಟಿದ. "ಪಾಪ, ಒಳಗೆ ಕೂತಿರೋರಿಗೆ ಕೆಲಸ ಕಾರ್ಯ ಇರಲ್ವಾ?"

"ಇರತ್ತೆ. ನೀನು ಬೇಗ ನಡಿ ಹಾಗಾದ್ರೆ."

"ಬೇಗ ಆಗಲ್ಲ. ಕಾಯ್ಲಿ ಬಿಡು."

ಆಚೆ ಬದಿಯಲ್ಲಿ ಅವನು ಗಾಜಿನ ಬಾಗಿಲೊಳಗೆ ಹೋದ. ತಿರುಗಿ ನೋಡಲಿಲ್ಲ. ಒಳಗೆ ನರ್ಸಿಗೆ ಏನೋ ಹೇಳಿದ, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಗಾಜಿನಾಚೆಯಿಂದ ಕಂಡಿತು. ಸಿಗ್ನಲಕ್ಕ ಹೊರಗಿನ ಕಟ್ಟೆಯ ಬಳಿ ನಿಂತಳು. ಕಚೇರಿಗೆ ಹೊತ್ತಾಗಿತ್ತು. ಬೆನ್ನ ಹಿಂದೆ ಗಾಡಿಗಳು ಮತ್ತೆ ಹರಿಯತೊಡಗಿದ್ದವು. ತಿಂಗಳು ಮುಗಿದ ಮೇಲೆ ಏನಾಗುವುದೋ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ನೋಡಿದಳು, ಪರದೆಯ ಅಂಕಿ ಬೆಳಿಗ್ಗೆಯೇ ಹದಿನಾಲ್ಕಕ್ಕೆ ಬಂದು ನಿಂತಿತ್ತು.

ಸದ್ದು ಮತ್ತೆ ಅಡಗಿತು. ಅವಳು ತಿರುಗಿ ನೋಡಿದಳು. ಎದುರು ಬದಿಯ ಹಳದಿಯಿಂದ ಹೆಂಗಸೊಬ್ಬಳು ರಸ್ತೆಗಿಳಿದಿದ್ದಳು. ಅವಳನ್ನು ಸಿಗ್ನಲಕ್ಕ ಎಂದೂ ಕಂಡಿರಲಿಲ್ಲ. ಬಲಗೈಯಲ್ಲಿ ಭಾರದ ಚೀಲವೊಂದಿತ್ತು. ಆ ಕಡೆಗೇ ವಾಲಿಕೊಂಡು ನಡೆಯುತ್ತಿದ್ದಳು. ರಸ್ತೆಯ ನಟ್ಟನಡುವೆ ಬಂದಾಗ ನಿಂತಳು. ಚೀಲವನ್ನು ನೆಲಕ್ಕಿಳಿಸಿ, ಕೆಂಪಗಾಗಿದ್ದ ಅಂಗೈಯನ್ನು ಸೀರೆಗೆ ಉಜ್ಜಿಕೊಂಡಳು, ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿ ನೋಡಿದಳು. ಆಮೇಲೆ ಬಗ್ಗಿ, ಚೀಲವನ್ನು ಎಡಗೈಗೆ ತೆಗೆದುಕೊಂಡು, ನಿಧಾನವಾಗಿ ಮುಂದೆ ನಡೆದಳು.